ಇಲ್ಲಿ ಅಲ್ಲ, ಪಕ್ಕದ ಕೌಂಟರ್‌ಗೆ ಹೋಗಿ

ಓದುಗರ ಪತ್ರ: ಸಂಪಾದಕರೇ, ಪ್ರೋಗ್ರಾಮಿಂಗ್ ಪ್ರಶ್ನೆ ಕೇಳಿ ಉತ್ತರ ಪಡೆಯುವ ಸ್ಟ್ಯಾಕ್ ಓವರ್‌ಫ್ಲೋ ತಾಣವನ್ನು ಹಲವು ತಾಣಗಳಾಗಿ ಒಡೆದದ್ದರಿಂದ ನಷ್ಟವೇ ಜಾಸ್ತಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಹನ್ನೆರಡು ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಮ್ಮಂಥವರ ತಾಣ ಸರ್ವರ್ ಫಾಲ್ಟ್ ಅದರಿಂದ ಬೇರೆ ಆಗದೇ ಇದ್ದಿದ್ದರೆ ನಮ್ಮ ಪ್ರಶ್ನೆಗಳು ಜಾವಾಸ್ಕ್ರಿಪ್ಟ್ ಪ್ರಶ್ನೆಗಳ ರಾಶಿಯಲ್ಲಿ ಮುಳುಗಿಹೋಗುತ್ತಿದ್ದವು. ಓದುಗರ ಪ್ರಶ್ನೆಗೆ ಉತ್ತರಿಸುವ ನಿಮ್ಮ ‘ಕೇಳಿ ನೋಡಿ’ ಪುಟವನ್ನೂ ಮೊಬೈಲ್, ಕಂಪ್ಯೂಟರ್, ಸರ್ವರ್ ಎಂದು ಮೂರು ಭಾಗ ಮಾಡಿ. ಸುಮ್ನೆ ಎಲ್ಲ ಕಲಸಬೇಡಿ. – ಓದುಗರೊಬ್ಬರು, ಹುಬ್ಬಳ್ಳಿ

ಸಂಪಾದಕರ ಉತ್ತರ:

ಒಪ್ಪಬೇಕಾದ ಮಾತನ್ನು ಮೊದಲು ಒಪ್ಪಿಬಿಡುತ್ತೇನೆ. ರಾಶಿ ದೊಡ್ಡದಾದರೆ ಹುಡುಕುವುದು ಕಷ್ಟ. ಗಣಿತದವರ ಉದಾಹರಣೆಯಂತೂ ನಿಮ್ಮ ಪರವಾಗಿಯೇ ಇದೆ. 2009ರಲ್ಲಿ ಶುರುವಾದ ಮ್ಯಾತ್‌ಓವರ್‌ಫ್ಲೋ ಸಂಶೋಧನೆ ಮಾಡುವವರಿಗೆ. ಮರುವರ್ಷ ಬಂದ ಮ್ಯಾಥಮ್ಯಾಟಿಕ್ಸ್ ತಾಣ ಪಿಯುಸಿ ಹುಡುಗರಿಂದ ಹಿಡಿದು ಎಲ್ಲರಿಗೂ. ಹೆಸರಾಂತ ಗಣಿತಜ್ಞ ಟೆರೆನ್ಸ್ ಟಾವೊ ಅಂಥವರು ಮೊದಲನೆಯದಕ್ಕೆ ಬಂದು ಉತ್ತರ ಬರೆದಿದ್ದಾರೆ. ಅಲ್ಲಿ ಕೇಳುವವರಿಗೆ ತಮ್ಮ ಪ್ರಶ್ನೆ ಯಾವ ಮಟ್ಟದ್ದು ಎಂದು ಗೊತ್ತಿರುತ್ತದೆ. ಅದಕ್ಕೇ ಆ ಪಾಲು ಸರಿಹೋಯಿತು.

ಆದರೆ ಉಳಿದವರ ಗತಿ ಏನು? ಹೀಗೆ ಪಾಲು ಮಾಡಿದರೆ ಅನುಕೂಲ ಆಗುವುದು ಗೊತ್ತಿರುವವರಿಗೆ. ಗೊತ್ತಿಲ್ಲದೆ ಕೇಳಲು ಬಂದವರಿಗೆ ಅದು ಇನ್ನೊಂದು ಪರೀಕ್ಷೆ. ಎಲ್ಲಿ ಕೇಳಬೇಕು ಅಂತ ತಿಳಿಯಬೇಕಾದರೆ ತೊಂದರೆ ಎಲ್ಲಿದೆ ಅಂತ ಮೊದಲೇ ತಿಳಿದಿರಬೇಕು. ಅದು ತಿಳಿದಿದ್ದರೆ ಅರ್ಧ ಉತ್ತರ ಕೈಗೆ ಬಂದ ಹಾಗೇ ಅಲ್ವಾ? ತಾಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸಲು ಬಂದ ರೈತರನ್ನು ಈ ಕೌಂಟರ್‌ನಿಂದ ಆ ಕೌಂಟರ್‌ಗೆ ಕಳಿಸುವುದನ್ನು ನೀವೂ ನೋಡಿರುತ್ತೀರಿ. ಪ್ರತಿ ಕೌಂಟರ್‌ನವರೂ ತಮ್ಮ ಕೆಲಸ ಸರಿಯಾಗೇ ಮಾಡುತ್ತಿರುತ್ತಾರೆ. ಸಂಜೆ ಬಸ್ಸು ಹತ್ತುವಾಗ ರೈತರ ಪಹಣಿ ಮಾತ್ರ ಹಾಗೇ ಇರುತ್ತದೆ.

ನಮ್ಮ ಕಚೇರಿಯಲ್ಲೇ ನಡೆದದ್ದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಗಣಿತದ ಒಂದು ಪುರವಣಿ ತರುತ್ತಿದ್ದೆವು. ಸೂತ್ರಗಳು ಚೆನ್ನಾಗಿ ಬರಲಿ ಅಂತ ಮೊದಲ ಸಲ ಝೀಲೇಟೆಕ್‌ನಲ್ಲಿ (ಪುಟ ಜೋಡಿಸುವ ಲೇಟೆಕ್ ತಂತ್ರಾಂಶದ ಒಂದು ರೂಪ) ಪುಟ ಜೋಡಿಸಿದೆವು. ರಾತ್ರಿ ಹತ್ತಕ್ಕೆ ಪುಟ ಕಟ್ಟುವ ಹುಡುಗನ ಫೋನ್. “ಸರ್, ಒತ್ತಕ್ಷರ ಎಲ್ಲ ಬಿಚ್ಕೊಂಡಿದೆ.” ಹೋಗಿ ನೋಡಿದೆ. ತೆರೆಯ ಮೇಲೆ ಟೈಪ್ ಮಾಡಿದ್ದು ಸರಿ ಇದೆ. ಪಿಡಿಎಫ್‌ನಲ್ಲಿ ‘ಸೂರ್ಯ’ ಎಂಬ ಪದಕ್ಕೆ ಅರ್ಕಾವತ್ತೇ ಇಲ್ಲ. ರಕಾರ ಒಂದು ಕಡೆ ನಿಂತಿದೆ, ನಡುವೆ ಹಲಂತದ ಕೊಂಡಿ, ಆಮೇಲೆ ಯಕಾರ. ‘ಅಕ್ಕ’ ಎಂಬುದರಲ್ಲಿ ಎರಡು ಕಕಾರ ಮುನಿಸಿಕೊಂಡವರ ಹಾಗೆ ದೂರ ದೂರ. ಬೆಳಗ್ಗೆ ಎಂಟಕ್ಕೆ ಪುಟಗಳು ಪ್ರೆಸ್‌ಗೆ ಹೋಗಬೇಕು.

ತೊಂದರೆ ಫಾಂಟ್‌ನದೋ, ಕಂಪ್ಯೂಟರ್ ನಡೆಸುವ ಉಬುಂಟುವಿನದೋ, ಪಿಡಿಎಫ್‌ನದೋ? ನಮಗೆ ಗೊತ್ತಿಲ್ಲ. ಸ್ಟ್ಯಾಕ್ ಓವರ್‌ಫ್ಲೋ ಬಳಗದಲ್ಲೇ ಉಬುಂಟುಗೆ ಒಂದು ತಾಣ, ಯೂನಿಕ್ಸ್ ಮತ್ತು ಲಿನಕ್ಸ್‌ಗೆ ಇನ್ನೊಂದು, ಲೇಟೆಕ್‌ಗೆ ಮತ್ತೊಂದು, ವಿನ್ಯಾಸಕ್ಕೆ ಬೇರೆಯೇ. ಹುಡುಗ ಒಂದು ಕಡೆ ಕೇಳಿದ. ಇದು ಇಲ್ಲಿಯ ವಿಷಯವಲ್ಲ ಎಂದು ಮುಚ್ಚಿದರು. ಇನ್ನೊಂದು ಕಡೆ ಕೇಳಿದ. ಯಾರೂ ಮಾತಾಡಲಿಲ್ಲ. ಕೊನೆಗೆ ಎಲ್ಲ ತರದವರೂ ಸೇರಿರುವ ಒಂದು ಹಳೇ ಗುಂಪಿನಲ್ಲಿ ಹಾಕಿದ. ಅರ್ಧ ಗಂಟೆಯಲ್ಲಿ ಒಬ್ಬರು ಉತ್ತರ ಕೊಟ್ಟರು. ಅವರು ಬಂಗಾಳಿ ಪುಸ್ತಕಗಳಿಗೆ ಪುಟ ಕಟ್ಟುವವರು. ಕನ್ನಡದ ಒಂದಕ್ಷರವೂ ಬಾರದು. ಬಂಗಾಳಿಯ ರೇಫ, ಅಂದರೆ ನಮ್ಮ ಅರ್ಕಾವತ್ತಿನಂಥದ್ದು, ಹೀಗೇ ಬಿಚ್ಚಿಕೊಂಡು ಅವರೂ ಒಂದು ವಾರ ಪರದಾಡಿದ್ದರಂತೆ. ಫಾಂಟ್ ಹೆಸರು ಬರೆಯುವ ಜಾಗದಲ್ಲಿ ಲಿಪಿ ಯಾವುದು ಅಂತಲೂ ಹೇಳಬೇಕಿತ್ತು. ನಾವು ಹೇಳಿರಲಿಲ್ಲ. ಹೇಳದಿದ್ದರೆ ಅದು ಇಂಗ್ಲಿಷ್ ಅಕ್ಷರಗಳ ಹಾಗೆ ಒಂದರ ಪಕ್ಕ ಒಂದನ್ನು ಇಟ್ಟುಬಿಡುತ್ತದೆ, ಒತ್ತು ಕಟ್ಟುವುದಿಲ್ಲ. ಒಂದೇ ಒಂದು ಪದ ಸೇರಿಸಿದೆವು. ಎಲ್ಲ ಒತ್ತುಗಳೂ ತಮ್ಮ ತಮ್ಮ ಜಾಗಕ್ಕೆ ಬಂದವು.

ಕನ್ನಡಕ್ಕೊಂದು, ಬಂಗಾಳಿಗೊಂದು ಕೋಣೆ ಇದ್ದಿದ್ದರೆ ಆ ಪುಣ್ಯಾತ್ಮರು ನಮ್ಮ ಕೋಣೆಗೆ ಯಾಕೆ ಬರುತ್ತಿದ್ದರು? ಹಾದು ಹೋಗುವಾಗ ಕಣ್ಣಿಗೆ ಬಿದ್ದದ್ದಕ್ಕೆ ತಾನೇ ಉತ್ತರ ಸಿಕ್ಕಿದ್ದು?

ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕಳೆದುಹೋದದ್ದು ಇದೇ. ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್‌ಸ್ಕಿ ಅದನ್ನು 2008ರಲ್ಲಿ ಶುರು ಮಾಡಿದರು. 2009ರಲ್ಲಿ ಸರ್ವರ್‌ನವರಿಗೆ ಸರ್ವರ್ ಫಾಲ್ಟ್, ಕಂಪ್ಯೂಟರ್ ಬಳಸುವವರಿಗೆ ಸೂಪರ್ ಯೂಸರ್. 2010ರಿಂದ ತಾಣಗಳ ಸಾಲೇ ಹೊರಟಿತು, ನೂರು ದಾಟಿತು. ಗೆರೆ ಎಲ್ಲಿ ಎಳೆಯಬೇಕು ಎಂಬುದು ಎಳೆದವರಿಗೇ ಕಷ್ಟವಾಯಿತು. ಪ್ರೋಗ್ರಾಮರ್ಸ್ ಎಂಬ ತಾಣಕ್ಕೆ ಜನ ಪ್ರೋಗ್ರಾಮಿಂಗ್ ಪ್ರಶ್ನೆ ತಂದರು. ತರದೇ ಇನ್ನೇನು? ಅದು ಇಲ್ಲಿಯದಲ್ಲ ಎಂದು ವರ್ಷಗಟ್ಟಲೆ ಹೇಳಿ ಹೇಳಿ, ಕೊನೆಗೆ ಸಾಫ್ಟ್‌ವೇರ್ ಎಂಜಿನಿಯರಿಂಗ್ ಅಂತ ಹೆಸರೇ ಬದಲಾಯಿಸಿದರು. ಒಳ್ಳೆ ಉತ್ತರಕ್ಕೆ ಸಿಗುವ ಅಂಕಗಳೂ ಆಯಾ ತಾಣಕ್ಕೇ ಸೀಮಿತ. ಒಂದು ಕಡೆ ಸಾವಿರಾರು ಅಂಕ ಗಳಿಸಿದವರಿಗೂ ಪಕ್ಕದ ತಾಣದಲ್ಲಿ ಶುರುವಿಗೆ ನೂರು ಅಂಕ ಕೊಡುತ್ತಾರೆ, ಅಷ್ಟೇ. ಹೀಗಾದರೆ ತಿಳಿದವರು ತಮ್ಮ ಅಂಕ ಇರುವ ಜಗಲಿ ಬಿಟ್ಟು ಕದಲುವುದಿಲ್ಲ.

ಈ ಚಾಳಿ ಹಳೆಯದು. ಯೂಸ್‌ನೆಟ್ ಎಂಬ, ವಿಷಯಕ್ಕೊಂದು ಗುಂಪು ಮಾಡಿ ಸಂದೇಶ ಹಂಚಿಕೊಳ್ಳುವ ಜಾಲವನ್ನು 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೋಚಿಸಿದ್ದು. 1987ರ ಹೊತ್ತಿಗೆ ಗುಂಪುಗಳು ಜಾಸ್ತಿಯಾದವು ಅಂತ ಎಲ್ಲಕ್ಕೂ ಮರುನಾಮಕರಣ ಮಾಡಿ ಏಳು ಕವಲಿಗೆ ಹಂಚಿದರು. ಕಂಪ್ಯೂಟರ್‌ಗೆ ಕಂಪ್, ವಿಜ್ಞಾನಕ್ಕೆ ಸೈ, ಹವ್ಯಾಸಕ್ಕೆ ರೆಕ್, ಹೀಗೆ. ಏಳರಲ್ಲಿ ಒಂದರ ಹೆಸರು ಮಿಸ್ಕ್. ಅಂದರೆ ‘ಇತರೆ’. ಅಷ್ಟು ಲೆಕ್ಕ ಹಾಕಿ ಹಂಚಿದವರಿಗೂ ಎಲ್ಲೂ ಸೇರದ್ದಕ್ಕೆ ಒಂದು ಚೀಲ ಬೇಕೇ ಬೇಕಾಯಿತು! ಅಡುಗೆಯ ಗುಂಪು ನಡೆಸುತ್ತಿದ್ದ ಬ್ರಯನ್ ರೀಡ್‌ಗೆ ತಮ್ಮ ಗುಂಪಿಗೆ ಕೊಟ್ಟ ಹೆಸರು ಹಿಡಿಸಲಿಲ್ಲ. ಅವರು ಜಾನ್ ಗಿಲ್ಮೋರ್ ಮೊದಲಾದವರ ಜೊತೆ ಸೇರಿ ಆಲ್ಟ್ ಎಂಬ ಬೇರೆ ಕವಲನ್ನೇ ತೆರೆದರು. ಗೆರೆ ಎಳೆದವರ ಅಪ್ಪಣೆ ಅಲ್ಲಿ ಬೇಕಿರಲಿಲ್ಲ. ಜನ ಅಲ್ಲಿಗೇ ನುಗ್ಗಿದರು.

ನನಗೆ ಹೆಚ್ಚು ಸಂಕಟ ಆಗುವುದು ನಮ್ಮವರನ್ನು ನೋಡಿದಾಗ. ಸ್ಟ್ಯಾಕ್ ಓವರ್‌ಫ್ಲೋ ಪೋರ್ಚುಗೀಸ್, ರಷ್ಯನ್, ಜಪಾನಿ, ಸ್ಪ್ಯಾನಿಷ್ ಭಾಷೆಗಳಿಗೆ ಬೇರೆ ತಾಣ ಕೊಟ್ಟಿತು. ಭಾರತದ ಒಂದು ಭಾಷೆಗೂ ಕೊಡಲಿಲ್ಲ. ಹಾಗಿರುವಾಗ ಕನ್ನಡದಲ್ಲಿ ಇಂಥ ಮಾತಾಡುವ ನಾವು ಇರುವುದೇ ಬೆರಳೆಣಿಕೆಯಷ್ಟು. ಅಷ್ಟರಲ್ಲೇ ಫಾಂಟ್‌ನವರಿಗೆ ಒಂದು ವಾಟ್ಸ್‌ಆ್ಯಪ್ ಗುಂಪು, ಅನುವಾದದವರಿಗೆ ಒಂದು, ಲಿನಕ್ಸ್‌ನವರಿಗೆ ಒಂದು ಟೆಲಿಗ್ರಾಂ ಗುಂಪು. ಪ್ರತಿಯೊಂದರಲ್ಲೂ ಬೆಳಗ್ಗೆ ‘ಶುಭೋದಯ’ ಬರುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇದೇ ಗಾಳಿ. ಕಂಪ್ಯೂಟರ್ ಸೈನ್ಸ್ ಎಂಬ ಒಂದೇ ಬ್ರಾಂಚ್ ಈಗ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಸೀಳಿದೆ. ಹದಿನೆಂಟು ತುಂಬದ ಮಕ್ಕಳು ಸಿಇಟಿ ಆಪ್ಷನ್ ಎಂಟ್ರಿಯ ದಿನ ಯಾವುದು ಒತ್ತಲಿ ಅಂತ ಅಪ್ಪ ಅಮ್ಮನ ಮುಖ ನೋಡುತ್ತಾರೆ. ಮೊದಲು ಎಲ್ಲವನ್ನೂ ಒಂದಿಷ್ಟು ಮುಟ್ಟಿ ನೋಡಲು ಬಿಡಬಾರದೇ?

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಹನ್ನೆರಡು ವರ್ಷ ರಾತ್ರಿ ಎರಡು ಗಂಟೆಗೆ ಎದ್ದು ಸರ್ವರ್ ಎಬ್ಬಿಸಿದವರಿಗೆ ನೆಮ್ಮದಿಯ ಒಂದು ಮೂಲೆ ಬೇಕು ಅನಿಸುವುದು ಸಹಜ. ಆದರೆ ನೀವೂ ಎಲ್ಲಿ ಕೇಳಬೇಕು ಅಂತ ಗೊತ್ತಿಲ್ಲದೆ ನಿಂತ ಒಂದು ದಿನ ಇತ್ತಲ್ಲ. ಅವತ್ತು ಯಾರು ಹೇಳಿಕೊಟ್ಟರು, ಸ್ವಲ್ಪ ನೆನಪು ಮಾಡಿಕೊಳ್ಳಿ.

‘ಕೇಳಿ ನೋಡಿ’ ಒಂದೇ ಪುಟವಾಗಿಯೇ ಇರುತ್ತದೆ. ಪತ್ರದ ಜೊತೆ ನೀವು ಕಳಿಸಿದ್ದ ಬ್ಯಾಕಪ್ ಪ್ರಶ್ನೆ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅದರ ಪಕ್ಕದಲ್ಲೇ ಶಿರಸಿಯ ಒಬ್ಬ ತಾಯಿಯ ಪ್ರಶ್ನೆ ಇದೆ. ಮೊಬೈಲ್ ಬದಲಾಯಿಸಿದ ಮೇಲೆ ಮಗಳ ಮದುವೆಯ ಫೋಟೊಗಳು ಕಾಣುತ್ತಿಲ್ಲವಂತೆ, ಹಳೇ ಫೋನ್ ಇನ್ನೂ ಮನೆಯಲ್ಲೇ ಇದೆಯಂತೆ. ಆ ಉತ್ತರವನ್ನು ನೀವೇ ಬರೆದುಕೊಡಿ. 15ನೇ ತಾರೀಖಿನೊಳಗೆ ನಮ್ಮ ಕೈ ಸೇರಲಿ.