ಹಳೆ ಕಾರು ಕೊಳ್ಳುವಾಗ ಯಾವ ಮಾಡೆಲ್ ನಂಬಬಹುದು?

ಮೊದಲ ಸಲ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುತ್ತಿದ್ದೀರಿ, ಯಾವ ಮಾಡೆಲ್ ಆದರೆ ತಲೆನೋವಿಲ್ಲ ಅಂತ ಕೇಳಿದ್ದೀರಿ. ನಾನಾದರೆ ಮಾಡೆಲ್‌ಗಿಂತ ಮೊದಲು ಅದನ್ನು ಓಡಿಸಿದವರನ್ನು ನೋಡುತ್ತೇನೆ. ಎಷ್ಟೇ ಹೆಸರು ಮಾಡಿದ ಕಾರಾದರೂ ವರ್ಷಗಟ್ಟಲೆ ಆಯಿಲ್ ಬದಲಿಸದೆ ಓಡಿಸಿದರೆ ಇಂಜಿನ್ ಉಳಿಯುವುದಿಲ್ಲ.

ನನ್ನ ಮೊದಲ ಕಾರು ನೋಡಲು ಹೋದಾಗ ಇಂಜಿನ್ ಆಗಲೇ ಓಡುತ್ತಿತ್ತು. "ನೀವು ಬರ್ತೀರಿ ಅಂತ ಸ್ಟಾರ್ಟ್ ಮಾಡಿಟ್ಟಿದ್ದೆ" ಅಂದರು ಮಾಲೀಕರು. ಖುಷಿಯಾಗಿ ಕಾರು ತಂದೆ. ಮಾರನೆ ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಸೈಲೆನ್ಸರ್‌ನಿಂದ ನೀಲಿ ಹೊಗೆ ಬುಸ್ಸೆಂದು ಬಂತು, ಎರಡು ನಿಮಿಷಕ್ಕೆ ನಿಂತೂ ಹೋಯಿತು. ಇಂಜಿನ್ ಒಳಗೆ ಆಯಿಲ್ ಜಿನುಗದಂತೆ ತಡೆಯುವ ವಾಲ್ವ್ ಸೀಲ್ ಸವೆದಿತ್ತು. ರಾತ್ರಿಯೆಲ್ಲ ಒಳಗೆ ಜಿನುಗಿದ ಆಯಿಲ್ ಬೆಳಿಗ್ಗೆ ಉರಿಯುತ್ತಿತ್ತು. ಇಂಜಿನ್ ಬಿಸಿಯಾಗಿದ್ದಾಗ ಇದು ಕಣ್ಣಿಗೆ ಬೀಳುವುದೇ ಕಷ್ಟ. ಅದಕ್ಕೇ ಹೇಳುತ್ತೇನೆ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮುಂಚೆಯೇ ಫೋನಲ್ಲಿ ತಿಳಿಸಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಲು ಸಂಕೋಚ ಬೇಡ.

ಇಂಜಿನ್ ತಣ್ಣಗಿದ್ದಾಗಲೇ ಆಯಿಲ್ ಮುಚ್ಚಳ ತೆಗೆದು ಒಳಭಾಗ ನೋಡಿ. ಹಾಲು ಬೆರೆಸಿದ ಕಾಫಿಯಂಥ ನೊರೆ ಅಂಟಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಎರಡು ಭಾಗಗಳ ನಡುವಿನ ಸೀಲ್) ಹೋಗಿ, ಇಂಜಿನ್ ತಣ್ಣಗಿಡುವ ಕೂಲಂಟ್ ದ್ರವ ಆಯಿಲ್‌ಗೆ ಸೇರುತ್ತಿರಬಹುದು. ಚಳಿಯಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಕಾರಲ್ಲೂ ಸ್ವಲ್ಪ ನೊರೆ ಕಾಣುವುದುಂಟು. ಹಾಗಾಗಿ ಕೂಲಂಟ್ ಟ್ಯಾಂಕಿನಲ್ಲಿ ಆಯಿಲ್ ಪಸೆ ತೇಲುತ್ತಿದೆಯಾ ಅಂತಲೂ ನೋಡಿ.

ಮೀಟರ್ 40,000 ಕಿ.ಮೀ. ತೋರಿಸುತ್ತಿದೆ, ಆದರೆ ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದೆ, ಸ್ಟೀರಿಂಗ್ ಮಿರಮಿರ ಹೊಳೆಯುತ್ತಿದೆ ಅಂದರೆ ಅನುಮಾನ ಪಡಬೇಕು ಅಲ್ವಾ? ಟೈರ್ ಎಷ್ಟು ಹಳೆಯದು ಅಂತಲೂ ನೋಡಿ, ಅದರ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ನೋಡಿ. ನೀರಲ್ಲಿ ಮುಳುಗಿದ ಕಾರನ್ನು ತೊಳೆದು ಘಮಘಮ ಮಾಡಿಟ್ಟಿರುತ್ತಾರೆ. ಸುತ್ತಿಕೊಂಡ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರಬಹುದು.

ಇಷ್ಟೆಲ್ಲ ಸರಿ ಕಂಡರೂ ನಿಮ್ಮದೇ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸಿ. ಮಾರುವವರು ಕರೆತಂದವರಿಗಲ್ಲ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರೆ ದೋಷದ ಕೋಡ್‌ಗಳನ್ನು ಈಚೆಗಷ್ಟೇ ಅಳಿಸಿದ್ದಾರಾ ಅನ್ನುವುದರ ಸುಳಿವೂ ಸಿಗುತ್ತದೆ.

ಇಂಜಿನ್ ಒಳಗಿನ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ವಿಷಯ ಜಾಸ್ತಿ ಒತ್ತಿ ಹೇಳುತ್ತೇನೆ. ಕೆಲವು ಇಂಜಿನ್‌ಗಳಲ್ಲಿ ಚೈನ್ ಇರುತ್ತದೆ, ಕೆಲವದರಲ್ಲಿ ರಬ್ಬರ್ ಬೆಲ್ಟ್. ಬೆಲ್ಟ್ ಆದರೆ ಕಿ.ಮೀ. ಅಥವಾ ವರ್ಷ, ಯಾವುದು ಮೊದಲು ಬರುತ್ತದೋ ಆಗ ಬದಲಿಸಬೇಕು. ಎಷ್ಟಕ್ಕೆ ಅನ್ನುವುದು ಕಾರಿನ ಜೊತೆ ಬರುವ ಕೈಪಿಡಿಯಲ್ಲಿದೆ. ಓಡುವಾಗ ಅದು ಕಿತ್ತುಹೋದರೆ ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ಇಂಜಿನ್ನೇ ಹಾಳಾಗುತ್ತದೆ. ಬದಲಿಸಿದ ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚು ಕಳೆದು ಬೆಲೆ ಮಾತಾಡಿ.

ತಂದ ವಾರದಲ್ಲೇ ಇಂಜಿನ್ ಆಯಿಲ್, ಫಿಲ್ಟರ್‌ಗಳನ್ನು ಹೊಸದು ಹಾಕಿಸಿ, ತಾರೀಕು ಬರೆದಿಡಿ. ಬ್ರೇಕ್ ಆಯಿಲನ್ನು ಬಹಳ ಜನ ಮರೆಯುತ್ತಾರೆ. ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದರೆ ಬೇಗ ಕುದಿಯುತ್ತದೆ, ಉದ್ದದ ಇಳಿಜಾರಲ್ಲಿ ಪೆಡಲ್ ಮೆತ್ತಗಾಗಿಬಿಡಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ನಾನು ಹದಿನೈದು ದಿನಕ್ಕೊಮ್ಮೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡುತ್ತೇನೆ, ಐದು ನಿಮಿಷವೂ ಬೇಡ. ಓಡಿಸುವಾಗ ಕೆಂಪು ಆಯಿಲ್ ದೀಪ ಹೊತ್ತಿಕೊಂಡರೆ ಮಾತ್ರ ಮನೆವರೆಗೆ ಹೋಗಿಬಿಡೋಣ ಅನ್ನಬೇಡಿ. ಸುರಕ್ಷಿತವಾಗಿ ಪಕ್ಕಕ್ಕೆ ಹಾಕಿ, ಇಂಜಿನ್ ಆರಿಸಿ, ಅಲ್ಲಿಂದಲೇ ಮೆಕ್ಯಾನಿಕ್‌ಗೆ ಫೋನ್ ಮಾಡಿ.