ಮೇಯರ್ ಇದ್ದಾರೆ, ಅಂಗಡಿ ಎಲ್ಲಿ?

ನಮಸ್ಕಾರ.

ಸಿಯಾಟಲ್‌ನ ಮೊದಲ ಯಹೂದಿ ಮೇಯರ್ ಬೇಲಿ ಗ್ಯಾಟ್ಜರ್ಟ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ತುಂಬಾ ಇಷ್ಟವಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

1829ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು, 1849ರಲ್ಲಿ ಅಮೆರಿಕಕ್ಕೆ ಬಂದರು, 1875ರಲ್ಲಿ ಮೇಯರ್ ಆದರು, 1893ರಲ್ಲಿ ತೀರಿಕೊಂಡರು. ಒಂದೊಂದು ಇಸವಿಗೆ ಒಂದೊಂದು ಪ್ಯಾರಾ. ಓದಿ ಮುಗಿಸಿದಾಗ ಪದವಿಗಳು ನೆನಪಿದ್ದವು, ಮನುಷ್ಯ ಸಿಗಲಿಲ್ಲ.

ನಿಮ್ಮ ಬರಹದ ಸಿಯಾಟಲ್ ಇವತ್ತಿನ ಮಹಾನಗರದ ಹಾಗಿದೆ. 1870ರ ಜನಗಣತಿಯಲ್ಲಿ ಅಲ್ಲಿದ್ದವರು 1,107 ಜನ. ಇದನ್ನು ಶುರುವಿನಲ್ಲೇ ಹೇಳಿಬಿಡಿ. ಅಂಥ ಪುಟ್ಟ ಊರಿಗೆ 1869ರಲ್ಲಿ ಬಂದು ಅವರು ಸಗಟು ಅಂಗಡಿ ತೆರೆದರು. ಸುತ್ತ ಕಾಡು, ಊರಲ್ಲಿ ಮರ ಕೊಯ್ಯುವ ಮಿಲ್ಲು, ಕಟ್ಟಡಗಳೆಲ್ಲ ಮರದವೇ. ಅಲ್ಲಿ 1872ರಲ್ಲಿ ಮೊದಲ ಇಟ್ಟಿಗೆ ಕಟ್ಟಡ ಕಟ್ಟಿಸಿದ್ದು ಅವರ ಕಂಪನಿ. ನೀವು 'ವ್ಯಾಪಾರದಲ್ಲಿ ಯಶಸ್ವಿಯಾದರು' ಎಂದು ದಾಟಿಬಿಟ್ಟಿದ್ದೀರಿ. ನನಗೆ ಆ ಇಟ್ಟಿಗೆ ಬೇಕು. ಈ ವ್ಯಾಪಾರಿ ಗಂಟುಮೂಟೆ ಕಟ್ಟಿಕೊಂಡು ಹೋಗುವವರಲ್ಲ ಅಂತ ಊರಿಗೆ ಕಂಡದ್ದು ಅದರಲ್ಲೇ ಅಲ್ವಾ? 1873ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆ ತನ್ನ ಕೊನೆಯ ನಿಲ್ದಾಣಕ್ಕೆ ಹತ್ತಿರದ ಟಕೋಮಾ ಊರನ್ನು ಆರಿಸಿತು. ಸಿಯಾಟಲ್‌ಗೆ ದೊಡ್ಡ ಪೆಟ್ಟು. ಮರುವರ್ಷ ಮೇ 1ರಂದು ಊರಿನವರೇ ಗುದ್ದಲಿ ಹಿಡಿದು ಸ್ವಂತ ರೈಲು ದಾರಿ ಹಾಕಲು ಹೊರಟರು. ಅದರ ಮುಂದಿನ ವರ್ಷ ಅಂಗಡಿಯವರೊಬ್ಬರನ್ನು ಮೇಯರ್ ಮಾಡಿದರು. ಇವನ್ನು ಪಕ್ಕಪಕ್ಕ ಇಟ್ಟು ಬರೆದು ನೋಡಿ.

'ಬಾಬೆಟ್ ಎಂಬಾಕೆಯನ್ನು ಮದುವೆಯಾದರು' ಎಂಬ ಅರ್ಧ ಸಾಲು ನನ್ನನ್ನು ಜಾಸ್ತಿ ಕಾಡಿತು. ಬಾಬೆಟ್, ವ್ಯಾಪಾರಿಗಳಾದ ಶ್ವಾಬಾಕರ್ ಸಹೋದರರ ತಂಗಿಯೋ ಅಕ್ಕನೋ, ಅದು ಬೇರೆ ಮಾತು. ಸಿಯಾಟಲ್‌ನ ಅಂಗಡಿ ಆ ಶ್ವಾಬಾಕರ್ ಕಂಪನಿಯದು. ವ್ಯಾಪಾರದ ಬೇರು ಹೆಂಡತಿಯ ತವರಿನಲ್ಲಿದೆ. ಆಕೆಗೆ ಒಂದು ಪೂರ್ತಿ ಪ್ಯಾರಾ ಕೊಡಿ.

'ಯಹೂದಿಗಳಿಗೆ ವ್ಯಾಪಾರ ರಕ್ತದಲ್ಲೇ ಬಂದದ್ದು' ಎಂದಿದ್ದೀರಿ. ಹೊಗಳಿಕೆ ಅಂದುಕೊಂಡೇ ಬರೆದಿದ್ದೀರಿ, ಗೊತ್ತು. ಆದರೂ ಆ ಸಾಲನ್ನು ಹೊಡೆದುಹಾಕಿದ್ದೇನೆ. ಯುರೋಪಿನ ಎಷ್ಟೋ ಕಡೆ ಶತಮಾನಗಳ ಕಾಲ ಅವರಿಗೆ ಜಮೀನು ಕೊಳ್ಳಲು, ಕಸುಬುದಾರರ ಸಂಘ ಸೇರಲು ಬಿಡಲಿಲ್ಲ. ಉಳಿದದ್ದು ವ್ಯಾಪಾರ. ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ.

ಗ್ಯಾಟ್ಜರ್ಟ್ ಮೇಯರ್ ಆಗಿ ಗೆದ್ದದ್ದನ್ನು 'ಪವಾಡ' ಎಂದದ್ದೂ ಬೇಡ. ಪಕ್ಕದ ಪೋರ್ಟ್‌ಲ್ಯಾಂಡ್‌ನಲ್ಲಿ 1869ರಲ್ಲಿ ಬರ್ನಾರ್ಡ್ ಗೋಲ್ಡ್‌ಸ್ಮಿತ್, 1871ರಲ್ಲಿ ಫಿಲಿಪ್ ವಾಸರ್‌ಮನ್ ಮೇಯರ್ ಆಗಿದ್ದರು. ಇಬ್ಬರೂ ಯಹೂದಿ ವ್ಯಾಪಾರಿಗಳೇ.

ಕೊನೆಯ ಪ್ಯಾರಾದ 'ಯುವಜನರಿಗೆ ಸ್ಫೂರ್ತಿ' ತೆಗೆದುಬಿಡಿ. 1890ರಲ್ಲಿ ಅವರು ಬದುಕಿದ್ದಾಗಲೇ ಅವರ ಹೆಸರಿನ ಉಗಿಹಡಗು ನೀರಿಗಿಳಿಯಿತು. ಅದನ್ನು ನಡುವೆ ಎಲ್ಲೋ ಹುದುಗಿಸಿದ್ದೀರಿ. ಅಲ್ಲಿಗೇ ಲೇಖನ ನಿಲ್ಲಿಸಬಹುದು.

ತಿದ್ದಿ ಮತ್ತೆ ಕಳಿಸಿ. ನಾನು ಕಾಯುತ್ತಿರುತ್ತೇನೆ.