ಓದುಗರ ಪ್ರಶ್ನೆ: ಯುದ್ಧದಾಟದಲ್ಲಿ ಸತ್ತವನು ಎಷ್ಟು ಹೊತ್ತು ಕಾಯಬೇಕು?

ಪ್ರಶ್ನೆ: ನಾವು 14 ಮಂದಿ ಶನಿವಾರ ರಾತ್ರಿ ಕಂಪ್ಯೂಟರಿನ ಯುದ್ಧದಾಟ ಆರ್ಮಾ 3ನ್ನು, ಗಾಯ, ದಣಿವುಗಳನ್ನು ನೈಜವಾಗಿಸುವ ಏಸ್ ಮಾಡ್ (ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿಕೊಂಡು ಆಡುತ್ತಿದ್ದೆವು. ಸತ್ತರೆ ಆಟ ಮುಗಿಯುವವರೆಗೂ ನೋಡುತ್ತಾ ಕೂರಬೇಕು. ಈಗ 8 ಮಂದಿ ಉಳಿದಿದ್ದೇವೆ. ರೆಸ್ಪಾನ್ (ಸತ್ತವನಿಗೆ ಮರಳಿ ಆಡುವ ಅವಕಾಶ) ಕೊಟ್ಟರೆ ನೈಜತೆ ಹೋಗುತ್ತದೆ ಅನ್ನುತ್ತಾರೆ ನಮ್ಮ ಲೀಡರ್. ಏನು ಮಾಡೋಣ?
(ಸಾಗರದ ಓದುಗರು)

ಉತ್ತರ: ನಿಮ್ಮ ಲೀಡರ್ ಆತಂಕ ಸುಳ್ಳಲ್ಲ. ಸತ್ತ ಐದೇ ಸೆಕೆಂಡಿಗೆ ಎದ್ದು ಬರುವಂತಿದ್ದರೆ ಯಾರೂ ಗೋಡೆಯ ಮರೆ ಹುಡುಕುವುದಿಲ್ಲ. ಆದರೆ ಎದೆ ಡವಗುಟ್ಟುವುದು ಗುಂಡು ಬೀಳುವ ಮುಂಚೆ. ಬಿದ್ದ ಮೇಲೆ ಒಂದು ಗಂಟೆ ಕೂರಿಸಿದರೆ ಹುಟ್ಟುವುದು ಬೇಸರ ಮಾತ್ರ. ಯಾವ ನಿಯಮವನ್ನೇ ಆಗಲಿ ಹೀಗೆ ತೂಗಿ: ಅದು ಆಟಗಾರನ ಮುಂದೆ ಒಂದು ತೀರ್ಮಾನ ಇಡುತ್ತದೆಯೋ, ಬರೀ ಕಾಯಿಸುತ್ತದೆಯೋ? ಕಾಯಿಸುವುದನ್ನು ಕೈಬಿಡಿ.

ಮೊದಲು ಸಾವನ್ನು ಅಪರೂಪ ಮಾಡಿ, ಗಾಯವನ್ನು ಭಾರ ಮಾಡಿ. ಏಸ್ ಮೆಡಿಕಲ್ ಸೆಟ್ಟಿಂಗ್‌ನಲ್ಲಿ ಆಟಗಾರರ ಫೇಟಲ್ ಇಂಜುರಿ (ಮಾರಕ ಗಾಯ) ಆಯ್ಕೆಯನ್ನು 'ಇನ್ ಕಾರ್ಡಿಯಾಕ್ ಅರೆಸ್ಟ್' ಎಂದು ಇಟ್ಟರೆ, ಮಾರಕ ಗುಂಡು ತಗುಲಿದವನು ಮೊದಲು ಹೃದಯ ಸ್ತಂಭನಕ್ಕೆ ಜಾರುತ್ತಾನೆ, ಅಲ್ಲೇ ಸಾಯುವುದಿಲ್ಲ. ಆ ಅವಧಿಯನ್ನು 240 ಸೆಕೆಂಡಿಗೆ ಇಡಿ. ಗುಂಡಿನ ನಡುವೆ ಅವನನ್ನು ಎಳೆದು ತರಬೇಕೇ, ಮೊದಲು ಹೊಗೆ ಗ್ರೆನೇಡ್ ಹಾಕಬೇಕೇ ಎಂದು ಇಡೀ ಸೆಕ್ಷನ್ (ಒಟ್ಟಿಗೆ ಚಲಿಸುವ ಸಣ್ಣ ತುಕಡಿ) ಯೋಚಿಸಬೇಕಾಗುತ್ತದೆ. ಆಟದ ಸಾರ ಇರುವುದೇ ಆ ನಾಲ್ಕು ನಿಮಿಷದಲ್ಲಿ.

ಆದರೂ ಸತ್ತವರಿಗೆ 20 ನಿಮಿಷಕ್ಕೊಮ್ಮೆ ಒಟ್ಟಾಗಿ ಮರುಪ್ರವೇಶ ಕೊಡಿ. ಝ್ಯೂಸ್ (ಆಟವನ್ನು ಮೇಲಿನಿಂದ ನಡೆಸುವವರು) ಆದವರು ಅವರನ್ನು ಹಿಂದಿನ ರಸ್ತೆಯಲ್ಲಿ ಟ್ರಕ್ಕಿನಿಂದ ಇಳಿಸಲಿ, ಕೊನೆಯ 500 ಮೀಟರ್ ನಡೆದು ಸೇರಿಕೊಳ್ಳಲಿ. ನೇರ ಸೆಕ್ಷನ್ ಪಕ್ಕದಲ್ಲೇ ಇಳಿಸಬೇಡಿ, ಆಗ ಲೀಡರ್ ಹೇಳಿದ್ದೇ ನಿಜವಾಗುತ್ತದೆ. ಇಡೀ ತಂಡಕ್ಕೆ ಒಟ್ಟು 10 ಮರುಪ್ರವೇಶ ಮಾತ್ರ. ಎರಡೇ ಉಳಿದಾಗ ಹಿಂದೆ ಸರಿಯಬೇಕೋ ಮುನ್ನುಗ್ಗಬೇಕೋ ಎಂಬುದು ಲೀಡರ್ ತಲೆನೋವು. ಇದಕ್ಕಿಂತ ನೈಜ ಭಾರ ಬೇರೆ ಬೇಕಿಲ್ಲ.

ಔಷಧಿ ಲೆಕ್ಕ: ಪ್ರತಿಯೊಬ್ಬರಿಗೂ 10 ಬ್ಯಾಂಡೇಜ್, 2 ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ), ಒಂದೊಂದು ಮಾರ್ಫಿನ್ (ನೋವು ಇಳಿಸುವ ಚುಚ್ಚುಮದ್ದು), ಎಪಿನೆಫ್ರಿನ್ (ನಾಡಿಬಡಿತ ಏರಿಸುವ ಚುಚ್ಚುಮದ್ದು). ಮೆಡಿಕ್ ಬಳಿ 40 ಬ್ಯಾಂಡೇಜ್, 500 ಮಿಲಿಯ 8 ಸಲೈನ್ ಚೀಲ. ಹೊಸ ಮೆಡಿಕ್‌ಗಳು ಎಡವುವುದು ಹೆಚ್ಚಾಗಿ ಒಂದೇ ಕಡೆ. ಟೂರ್ನಿಕೆಟ್ ಕಟ್ಟಿದ ತೋಳಿಗೇ ಮಾರ್ಫಿನ್ ಚುಚ್ಚುತ್ತಾರೆ, ನೋವು ಇಳಿಯಲಿಲ್ಲವೆಂದು ಇನ್ನೆರಡು ಚುಚ್ಚುತ್ತಾರೆ. ಕಟ್ಟು ಬಿಚ್ಚಿದೊಡನೆ ತಡೆದಿದ್ದ ಮೂರೂ ಒಮ್ಮೆಲೇ ರಕ್ತಕ್ಕಿಳಿದು ಗಾಯಾಳುವಿನ ಹೃದಯ ನಿಲ್ಲಬಹುದು. ಕಟ್ಟಿಲ್ಲದ ಕೈಕಾಲನ್ನೇ ಆರಿಸಿ. ರಕ್ತ ನಿಲ್ಲಿಸಿ, ಸಲೈನ್ ಏರಿಸಿ, ನಾಡಿ ಸರಿಹೋದ ಮೇಲಷ್ಟೇ ಎಪಿನೆಫ್ರಿನ್. ಬ್ಯಾಂಡೇಜ್ ಮತ್ತೆ ಬಿಚ್ಚಿಕೊಳ್ಳುವ ಸೆಟ್ಟಿಂಗನ್ನು ಮೆಡಿಕ್‌ಗಳು ಪಳಗುವವರೆಗೆ ಆಫ್ ಇಡಿ.

ಪ್ರಶ್ನೆ: ಶತ್ರು ಕಾಣುವ ಮೊದಲೇ 40 ನಿಮಿಷ ನಡೆಸುತ್ತಾರೆ. ಇದು ಬೇಕೇ?
(ಕೊಪ್ಪದ ಓದುಗರು)

ಉತ್ತರ: ದಾರಿಯಲ್ಲಿ ಶತ್ರುವಿನ ಗಸ್ತು ಎದುರಾಗುವಂತಿದ್ದರೆ ಬೇಕು, ಇಲ್ಲದಿದ್ದರೆ ಬೇಡ. ಆಟ ಶುರುವಾಗಿ 15 ನಿಮಿಷದೊಳಗೆ ಮೊದಲ ಗುಂಡಿನ ಸದ್ದು ಕೇಳಲಿ. ಏಸ್‌ನ ದಣಿವಿನ ವ್ಯವಸ್ಥೆ ಆನ್ ಇದ್ದರೆ ಬೆನ್ನಿನ ಭಾರ ನೋಡಿಕೊಳ್ಳಿ. ರಾಕೆಟ್ ಲಾಂಚರನ್ನೂ ಮೆಷಿನ್ ಗನ್ನನ್ನೂ ಒಬ್ಬನೇ ಹೊತ್ತು ಏದುಸಿರು ಬಿಟ್ಟರೆ ಅದು ಆಟದ ತಪ್ಪಲ್ಲ, ಹಂಚಿಕೆಯ ತಪ್ಪು.

ಪ್ರಶ್ನೆ: ರೇಡಿಯೋ ಮಾಡ್ ಹಾಕಿದ ಮೇಲೆ ಅರ್ಧ ಜನರಿಗೆ ಏನೂ ಕೇಳಿಸದು, ಉಳಿದವರು ಒಟ್ಟಿಗೇ ಮಾತಾಡುತ್ತಾರೆ. ತೆಗೆದುಬಿಡೋಣವೇ?
(ತೀರ್ಥಹಳ್ಳಿಯ ಓದುಗರು)

ಉತ್ತರ: ದಯವಿಟ್ಟು ತೆಗೆಯಬೇಡಿ. ಆಗುಂಬೆ ಘಾಟಿಯ ತಿರುವಿನಲ್ಲಿ ಮೊಬೈಲ್ ಸಿಗ್ನಲ್ ಹೋಗುವುದನ್ನು ಕಂಡ ನಿಮಗೆ ಗುಡ್ಡದ ಮರೆ ಅಂದರೇನೆಂದು ಹೇಳಿಕೊಡಬೇಕಿಲ್ಲ. ರೇಡಿಯೋ ಮಾಡ್ ಎಕರ್ 2 ಕೂಡ ಹಾಗೇ, ನಡುವೆ ಗುಡ್ಡ ಬಂದರೆ ದನಿ ಒಡೆಯುತ್ತದೆ. ಸೆಟ್ಟಿಂಗ್‌ನಲ್ಲಿ ಟೆರೇನ್ ಲಾಸನ್ನು (ಗುಡ್ಡದ ಅಡ್ಡಿಯಿಂದ ಸಿಗ್ನಲ್ ಕುಗ್ಗುವ ಪ್ರಮಾಣ) ಮೊದಲ ತಿಂಗಳು 0.3ಕ್ಕೆ ಇಳಿಸಿ. ಸೊನ್ನೆ ಮಾಡಿದರೆ ಗುಡ್ಡದ ತಲೆಗೆ ಒಬ್ಬನನ್ನು ಹತ್ತಿಸಿ ಸುದ್ದಿ ದಾಟಿಸುವ ಸುಖವೇ ಹೋಗುತ್ತದೆ.

ಕೇಳಿಸದವರು ಮೂರು ನೋಡಿ: ಟೀಮ್‌ಸ್ಪೀಕ್ (ಮಾತಾಡಲು ಬಳಸುವ ಆ್ಯಪ್) ಪ್ಲಗಿನ್ ಮಾಡ್‌ನ ಆವೃತ್ತಿಯದ್ದೇ ಇರಬೇಕು, ಆಟವನ್ನು ಅಡ್ಮಿನ್ ಆಗಿ ತೆರೆದಿದ್ದರೆ ಟೀಮ್‌ಸ್ಪೀಕನ್ನೂ ಹಾಗೇ ತೆರೆಯಬೇಕು, ಆಟದ ಸ್ವಂತ ಧ್ವನಿ ಚಾಟ್ ಆಫ್ ಇರಬೇಕು. ಗದ್ದಲಕ್ಕೆ ಮದ್ದು ದೂರದ ರೇಡಿಯೋವನ್ನು ಸೆಕ್ಷನ್ ಲೀಡರ್‌ಗಳಿಗಷ್ಟೇ ಕೊಡುವುದು. ಉಳಿದವರಿಗೆ ಹತ್ತಿರಕ್ಕಷ್ಟೇ ಕೇಳುವ ಪಿಆರ್‌ಸಿ-343 ರೇಡಿಯೋ ಸಾಕು, ಒಂದು ಸೆಕ್ಷನ್‌ಗೆ ಒಂದು ಚಾನೆಲ್. ರೇಡಿಯೋದಲ್ಲಿ ಮೊದಲು ನೀವು ಯಾರನ್ನು ಕರೆಯುತ್ತಿದ್ದೀರೋ ಅವರ ಹೆಸರು, ಆಮೇಲೆ ನಿಮ್ಮದು, ಆಮೇಲೆ ದಿಕ್ಕು, ದೂರ, ಏನು ಕಂಡಿತು. ಕನ್ನಡದಲ್ಲೇ ಹೇಳಿ. ಗಾಬರಿಯಲ್ಲಿ ಇಂಗ್ಲಿಷ್ ತಡಕಾಡುವಷ್ಟರಲ್ಲಿ ಶತ್ರು ಜಾಗ ಬದಲಿಸಿರುತ್ತಾನೆ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಹೋಗಿ, ಅಡಿಕೆ ಕೊಯ್ಲಿನಲ್ಲಿ ಬಿಡುವಿಲ್ಲದೆ ಜನ ತಪ್ಪುತ್ತಾರೆ. ಹಾಜರಾತಿ ಕಡ್ಡಾಯ ಮಾಡಬಹುದೇ?
(ಹೊಸನಗರದ ಓದುಗರು)

ಉತ್ತರ: ಬೇಡ. ಅಡಿಕೆ ಕೊನೆ ಕೊಯ್ದು ರಾತ್ರಿ ಸುಲಿಯುವವರ ಮೇಲೆ ಹಾಜರಿ ಪುಸ್ತಕ ಹಿಡಿದರೆ ಮುಂದಿನ ಮಳೆಗಾಲಕ್ಕೂ ಅವರು ಬರುವುದಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ 6 ಮಂದಿಗೆ ಸಾಲುವ, 90 ನಿಮಿಷದ ಗಸ್ತು ಆಟ ಮಾಡಿ. ಪ್ರತಿ ಲೀಡರ್‌ಗೂ ಒಬ್ಬ ಎರಡನೆಯವನನ್ನು ಬ್ರೀಫಿಂಗ್‌ನಲ್ಲೇ (ಆಟಕ್ಕೆ ಮುಂಚಿನ ವಿವರಣೆಯಲ್ಲೇ) ಹೆಸರಿಸಿ. ಲೈನ್ ಕಡಿದುಹೋದ ಲೀಡರ್‌ನ ಅಧಿಕಾರ ತಾನಾಗಿ ಅವನಿಗೆ ಹೋಗಲಿ, ಮರಳಿದವನು ಮುಂದಿನ ಟ್ರಕ್ಕಿನಲ್ಲಿ ಸೇರಲಿ. ಕರೆಂಟು ಹೋಗಿ ಮನೆಯ ಇನ್ವರ್ಟರ್‌ಗೆ ಬದಲಾಗುವಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ ನೋಡಿ. ರೂಟರ್‌ಗೆ ಪುಟ್ಟ 12 ವೋಲ್ಟ್ ಯುಪಿಎಸ್ ಬೇರೆ ಇಡಿ. ಗುಡುಗು ಹತ್ತಿರವಾದರೆ ಮಾತ್ರ ಆಟ ನಿಲ್ಲಿಸಿ, ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಕಿತ್ತಿಡಿ.